ಕಡಲು ಎಡಕ್ಕಿರಲಿ

ಹಳೇ ಬೆಂಗಳೂರಿನ ತಿಂಡಿಯ ರುಚಿ ಬಹುಪಾಲು ಘಟ್ಟದ ಕೆಳಗಿನಿಂದ ಬಂದದ್ದು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. 1924ರಲ್ಲಿ ಆರಂಭವಾದದ್ದು ಕೋಟದ ಪಕ್ಕದ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರಿಂದ. ಮಾಮೂಲ್‌ಪೇಟೆಯಿಂದ ನಡೆದೇ ಹೋಗಬಹುದಾದ ಬಳೇಪೇಟೆಯ ಉಡುಪಿ ಕೃಷ್ಣ ಭವನವೂ ಅದೇ ದಶಕದ್ದು. ಗಾಂಧಿಬಜಾರಿನಲ್ಲಿ 1943ರಲ್ಲಿ ಬಾಗಿಲು ತೆರೆದ ವಿದ್ಯಾರ್ಥಿ ಭವನದ ನಂಟೂ ಅದೇ ಸೀಮೆಗೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮೂರು ತಲೆಮಾರಿಗೆ ದೋಸೆ, ಕಾಫಿ ಕೊಟ್ಟವರ ಊರುಗಳು ಇಂದಿನ ರಾಷ್ಟ್ರೀಯ ಹೆದ್ದಾರಿ 66ರ ಎಡಬಲದಲ್ಲೇ ಇವೆ: ಕೋಟ, ಸಾಲಿಗ್ರಾಮ, ಕುಂದಾಪುರ, ಬೈಂದೂರು. ರಜೆ ಬಂದಾಗ ನಾವು ಆ ರಸ್ತೆಗೆ ಹೋಗುತ್ತೇವೆ, ಆದರೆ ಆ ಊರುಗಳಲ್ಲಿ ಇಳಿಯುವುದಿಲ್ಲ. ಪಟ್ಟಿಯಲ್ಲಿರುವ ಮುಂದಿನ ಜಾಗಕ್ಕೆ ಕತ್ತಲಾಗುವುದರೊಳಗೆ ಮುಟ್ಟಬೇಕೆಂಬ ಅವಸರದಲ್ಲಿ ದಾಟಿಹೋಗುತ್ತೇವೆ.

ಕರಾವಳಿ ಪ್ರವಾಸವನ್ನು ಹೇಗೆ ಯೋಜಿಸಬೇಕು ಎಂಬ ಪ್ರಶ್ನೆಗೆ ನಮ್ಮ ಬಡಾವಣೆಗಳಲ್ಲಿ ಎರಡು ಸಿದ್ಧ ಉತ್ತರಗಳಿವೆ. ಒಂದು ಹಿರಿಯರದು. ಟೆಂಪೊ ಟ್ರಾವೆಲರ್ ಗೊತ್ತುಮಾಡಿ ಧರ್ಮಸ್ಥಳ, ಸುಬ್ರಹ್ಮಣ್ಯ, ಕಟೀಲು, ಉಡುಪಿ, ಕೊಲ್ಲೂರು, ಮುರುಡೇಶ್ವರ, ಇಡಗುಂಜಿ, ಗೋಕರ್ಣವನ್ನು ಮೂರು ರಾತ್ರಿಗಳಲ್ಲಿ ಮುಗಿಸುವುದು. ಇನ್ನೊಂದು ಕಿರಿಯರದು. ಶುಕ್ರವಾರ ರಾತ್ರಿ ಆನಂದರಾವ್ ಸರ್ಕಲ್ಲಿನಲ್ಲಿ ಸ್ಲೀಪರ್ ಬಸ್ ಹತ್ತಿ, ಶನಿವಾರ ಗೋಕರ್ಣದ ಓಂ ಬೀಚಿನಲ್ಲಿ ಇಳಿದು, ಭಾನುವಾರ ರಾತ್ರಿ ಮತ್ತೆ ಬಸ್ಸು. ದೇವಸ್ಥಾನದ ಸುತ್ತಿಗೆ ಅದರದೇ ಗುಣವಿದೆ. ಮಧ್ಯಾಹ್ನ ಬಾಗಿಲು ಹಾಕುವ ಗುಡಿ ನಮ್ಮನ್ನು ಕೂತು ಊಟ ಮಾಡುವಂತೆ ಮಾಡುತ್ತದೆ, ಸುಬ್ರಹ್ಮಣ್ಯದಿಂದ ಕೊಲ್ಲೂರಿನವರೆಗೆ ಒಂದಲ್ಲ ಒಂದು ಹೊಳೆಯ ದಂಡೆಗೆ ಕರೆದೊಯ್ಯುತ್ತದೆ. ಆದರೆ ಆ ಪ್ರವಾಸದಲ್ಲಿ ಕಡಲು ಗಾಡಿಯ ಕಿಟಕಿಯಲ್ಲಿ ಮಿಂಚಿ ಮರೆಯಾಗುತ್ತದೆ, ಅಷ್ಟೇ. ವಾರಾಂತ್ಯದ ಬಸ್ಸಿನಲ್ಲಿ ಕಡಲು ಸಿಗುತ್ತದೆ, ಕರಾವಳಿ ಸಿಗುವುದಿಲ್ಲ. ಎರಡರ ನಡುವೆ ಮೂರನೆಯ ಬಗೆಯೊಂದಿದೆ. ಸ್ವಂತ ಕಾರಿನಲ್ಲೋ ಬಾಡಿಗೆ ಕಾರಿನಲ್ಲೋ ಕರಾವಳಿಯುದ್ದಕ್ಕೂ ನಿಧಾನವಾಗಿ ಸಾಗುವುದು. ಈ ಲೇಖನ ಅದರ ಪರವಾಗಿದೆ. ಅದು ಕೂಡಿಬರುವುದು ಮೂರು ತೀರ್ಮಾನಗಳಿಂದ: ಯಾವ ಘಟ್ಟ ಇಳಿಯುತ್ತೀರಿ, ಯಾವ ದಿಕ್ಕಿಗೆ ಹೋಗುತ್ತೀರಿ, ದಿನಕ್ಕೆ ಎಷ್ಟು ಹೊಳೆ ದಾಟುತ್ತೀರಿ.

ಮೊದಲು ಒಂದು ಕಹಿ ಸತ್ಯ. ಕರಾವಳಿ ಹೆದ್ದಾರಿಯಿಂದ ಕಡಲು ಕಾಣುವುದು ಅಪರೂಪ. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ ಮೂರೂ ಸೇರಿ ನಮ್ಮ ಕಡಲತೀರ ಸುಮಾರು 320 ಕಿ.ಮೀ. ಕೇರಳ ಗಡಿಯ ತಲಪಾಡಿಯಿಂದ ಗೋವಾ ಗಡಿಯ ಮಾಜಾಳಿವರೆಗೆ ಹೆದ್ದಾರಿ ಸುಮಾರು 280 ಕಿ.ಮೀ. ಇದರಲ್ಲಿ ಸಮುದ್ರದ ಮಗ್ಗುಲಲ್ಲೇ ರಸ್ತೆ ಹಾಯುವ ಪ್ರಸಿದ್ಧ ಜಾಗ ಮರವಂತೆ. ಅಲ್ಲಿ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ. ಅದು ಬಿಟ್ಟರೆ ಬೈಂದೂರಿನ ಒತ್ತಿನೆಣೆಯ ಏರು, ಕಾರವಾರ ಸಮೀಪಿಸುವಾಗಿನ ಕೆಲವು ತಿರುವು. ಉಳಿದಂತೆ ತೆಂಗಿನ ತೋಟ, ಗದ್ದೆ, ಜಂಬಿಟ್ಟಿಗೆ ಕಲ್ಲಿನ ಗುಡ್ಡ, ಪೇಟೆ, ಟೋಲ್ ಗೇಟು. ಹೊಳೆಗಳು ಸಮುದ್ರ ಸೇರುವ ಅಳಿವೆ ಅಗಲ, ಅಲ್ಲಿನ ಮರಳು ದಿಬ್ಬ ಮಳೆಗಾಲಕ್ಕೊಮ್ಮೆ ಜಾಗ ಬದಲಿಸುತ್ತದೆ. ಸೇತುವೆ ಕಟ್ಟುವವರು ಒಳನಾಡಿಗೆ ಸರಿದು ಗಟ್ಟಿ ನೆಲ ಹುಡುಕಲೇಬೇಕಾಯಿತು, ಹೆದ್ದಾರಿ ಸೇತುವೆಗಳನ್ನು ಹಿಂಬಾಲಿಸಿತು. ಕಡಲಿಗೂ ಹೆದ್ದಾರಿಗೂ ನಡುವೆ ಉಳಿದ ಪಟ್ಟಿಯಲ್ಲಿ ಮೀನುಗಾರರ ಕೇರಿಗಳಿವೆ. ಅಲ್ಲಿಗೆ ಹೋಗಲು ಪ್ರತಿ ಪೇಟೆಯಲ್ಲೂ ಪಡುವಣಕ್ಕೆ ತಿರುಗುವ ಒಂದು ಸಣ್ಣ ರಸ್ತೆಯಿದೆ. ನೋಡಬೇಕಾದದ್ದು ಆ ಸಣ್ಣ ರಸ್ತೆಗಳನ್ನು.

ಈ ದಾರಿಯಲ್ಲಿ ತೆಂಕಣದಿಂದ ಬಡಗಣಕ್ಕೆ ಸಾಗಿ ಕಂಡದ್ದನ್ನೆಲ್ಲ ಬರೆದಿಟ್ಟ ಹಳೆಯ ಪ್ರವಾಸಿ ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ ಬೆಂಗಳೂರಿಗೆ ಬಂದು ಇಲ್ಲಿನ ಪೇಟೆ, ತೋಟ ನೋಡಿದವನು 1801ರ ಮೊದಲ ತಿಂಗಳುಗಳಲ್ಲಿ ಮಲಬಾರಿನಿಂದ ಮಂಗಳೂರಿಗೆ ಬಂದು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣ, ಅಂಕೋಲಾ ಹಾದು ಸದಾಶಿವಗಡ ಮುಟ್ಟಿದ. ಆಮೇಲೆ ಯಲ್ಲಾಪುರದ ಕಡೆಯಿಂದ ಘಟ್ಟ ಹತ್ತಿದ. ಪುಸ್ತಕ ಅಚ್ಚಾದದ್ದು 1807ರಲ್ಲಿ. ಅವನ ಕಾಲಕ್ಕೆ ಸೇತುವೆಗಳಿರಲಿಲ್ಲ, ಹೊಳೆ ಬಂದಲ್ಲೆಲ್ಲ ದೋಣಿ. ದಿನದ ನಡಿಗೆಯನ್ನು ಅಳೆಯುತ್ತಿದ್ದದ್ದು ಹೊಳೆಗಳೇ. ಇವತ್ತಿಗೂ ಕರಾವಳಿಯನ್ನು ಅಳೆಯಲು ಕಿಲೋಮೀಟರಿಗಿಂತ ಹೊಳೆಯೇ ಒಳ್ಳೆಯದೆಂದು ನನ್ನ ನಂಬಿಕೆ. ತೆಂಕಣದಿಂದ ಎಣಿಸಿದರೆ ನೇತ್ರಾವತಿ, ಗುರುಪುರ ಹೊಳೆ, ನಂದಿನಿ, ಶಾಂಭವಿ, ಉದ್ಯಾವರ ಹೊಳೆ, ಸ್ವರ್ಣಾ, ಸೀತಾ, ಕುಂದಾಪುರದಲ್ಲಿ ಐದು ಹೊಳೆ ಕೂಡುವ ಪಂಚಗಂಗಾವಳಿ, ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ. ಹೊಳೆ ದಾಟಿದಂತೆ ಮಾತೂ ಬದಲಾಗುತ್ತದೆ. ಕಲ್ಯಾಣಪುರದ ಸ್ವರ್ಣಾ ಹೊಳೆಯವರೆಗೆ ತುಳುನಾಡು ಎಂದು ಹಿಂದಿನಿಂದ ಹೇಳುತ್ತಾರೆ. ಅಲ್ಲಿಂದಾಚೆ ಕುಂದಗನ್ನಡ, ಭಟ್ಕಳದಲ್ಲಿ ನವಾಯತಿ, ಹೊನ್ನಾವರ ಕುಮಟಾದಲ್ಲಿ ಹವಿಗನ್ನಡ, ಅಂಕೋಲೆಯ ಸಂತೆಯಲ್ಲಿ ಹಾಲಕ್ಕಿಗಳ ಕನ್ನಡ, ಕಾರವಾರದಲ್ಲಿ ಕೊಂಕಣಿ. ಚಹಾದಂಗಡಿಯ ಬೆಂಚಿನ ಮೇಲೆ ಹತ್ತು ನಿಮಿಷ ಕೂತವರಿಗೆ ಇದು ಕೇಳಿಸುತ್ತದೆ.

ದಿಕ್ಕಿನ ವಿಚಾರಕ್ಕೆ ಬರೋಣ. ಬುಕಾನನ್ನನ ದಿಕ್ಕೇ ಸರಿ ಎನ್ನಲು ಇಂದು ಬೇರೆಯೇ ಕಾರಣವಿದೆ. ನಮ್ಮಲ್ಲಿ ಗಾಡಿ ಓಡುವುದು ರಸ್ತೆಯ ಎಡಬದಿಯಲ್ಲಿ. ದಕ್ಷಿಣದಿಂದ ಉತ್ತರಕ್ಕೆ ಹೋದರೆ ಎಡಕ್ಕೆ ಪಶ್ಚಿಮ, ಅಂದರೆ ಸಮುದ್ರ. ಪಡುವಣದ ಅಡ್ಡರಸ್ತೆಗೆ ತಿರುಗಲು ನಾಲ್ಕು ಪಥದ ಹೆದ್ದಾರಿಯನ್ನು ಅಡ್ಡ ದಾಟಬೇಕಿಲ್ಲ, ದೂರದ ಯೂ ಟರ್ನ್ ಹುಡುಕಬೇಕಿಲ್ಲ. ಮರವಂತೆಯಲ್ಲಿ ಕಡಲಿಗೆ ಹತ್ತಿರದ ಪಥ ನಿಮ್ಮದಾಗುತ್ತದೆ. ಗೋಕರ್ಣದಿಂದ ಮಂಗಳೂರಿನ ಕಡೆಗೆ ಇಳಿಯುವ ಯೋಜನೆಯಲ್ಲಿ ಮಕ್ಕಳನ್ನೂ ಅಜ್ಜಿಯನ್ನೂ ಕೈಹಿಡಿದು ಲಾರಿಗಳ ನಡುವೆ ರಸ್ತೆ ದಾಟಿಸುವ ಪ್ರಸಂಗ ದಿನಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಅಂಚಿನಲ್ಲೇ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರನ್ನು ಕಂಡಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಪಕ್ಕದ ತ್ರಾಸಿಯಲ್ಲಿ ಗಾಡಿ ನಿಲ್ಲಿಸಿ ಮರಳ ಮೇಲೆ ನಡೆದು ಬರುವುದೇ ಕ್ಷೇಮ.

ಈಗ ಘಟ್ಟ. ಬೆಂಗಳೂರಿನವರಿಗೆ ಆಯ್ಕೆಗಳು ಬಹಳ. ಶಿರಾಡಿ ನೇರ ದಾರಿ. ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ ದಾಟಿ ಕೆಂಪುಹೊಳೆಯ ಬದಿಯಲ್ಲಿ ಗುಂಡ್ಯಕ್ಕೆ ಇಳಿಯುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ತಿರುವುಗಳು ಸೌಮ್ಯ, ಆದರೆ ಬಂದರಿನ ಟ್ಯಾಂಕರು, ಲಾರಿಗಳ ಸಾಲು ತಪ್ಪದು. ಕಾಂಕ್ರೀಟ್ ಕೆಲಸಕ್ಕಾಗಿ 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿದ್ದ ಈ ಘಟ್ಟ 2024ರ ಜುಲೈನಲ್ಲಿ ಸಕಲೇಶಪುರದ ಬಳಿ ದೊಡ್ಡತಪ್ಪಲಿನಲ್ಲಿ ಮಣ್ಣು ಕುಸಿದು ಮತ್ತೆ ನಿಂತಿತ್ತು. ಚಾರ್ಮಾಡಿ ಇದಕ್ಕಿಂತ ಸುಂದರ, ಇದಕ್ಕಿಂತ ಕಡಿದು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಮಂಜಿನಲ್ಲಿ ನಿಧಾನವಾಗಿ ಇಳಿದರೆ ಉಜಿರೆ, ಧರ್ಮಸ್ಥಳ. 2019ರ ಆಗಸ್ಟಿನ ಮಳೆಯಲ್ಲಿ ಇದೂ ಹಲವೆಡೆ ಕುಸಿದಿತ್ತು. ಆಗುಂಬೆ ಹದಿನಾಲ್ಕು ಹೇರ್‌ಪಿನ್ ತಿರುವಿನ ದಾರಿ, ದೊಡ್ಡ ಬಸ್ಸುಗಳು ಓಡುವುದಿಲ್ಲ. ಹೊಸದಾಗಿ ಗಾಡಿ ಕಲಿತವರು ಇಳಿಯುವುದಕ್ಕಿಂತ ಹತ್ತುವುದಕ್ಕೆ ಇದನ್ನು ಇಟ್ಟುಕೊಳ್ಳಬೇಕು. ಬ್ರೇಕು ಬಿಸಿಯಾಗುವ ಭಯ ಹತ್ತುವಾಗ ಇರುವುದಿಲ್ಲ. ಯಾವ ಘಟ್ಟವಾದರೂ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬ ಹಳೆಯ ಚಾಲಕರ ಮಾತನ್ನು ಆಟೊಮ್ಯಾಟಿಕ್ ಕಾರಿನವರೂ ಮರೆಯಬಾರದು.

ಉತ್ತರ ಕನ್ನಡದ ಘಟ್ಟಗಳಲ್ಲಿ ನನ್ನ ಮೆಚ್ಚು ಗೇರುಸೊಪ್ಪೆ. ಶಿವಮೊಗ್ಗ, ಸಾಗರ, ಜೋಗದ ಕಡೆಯಿಂದ ಹೊನ್ನಾವರಕ್ಕೆ ಇಳಿಯುವ ಈ ದಾರಿ ಸಿಂಗಳೀಕಗಳ ಕಾಡು. ಕೆಳಗೆ ಶರಾವತಿಯ ಕಣಿವೆ, ಕಾಳುಮೆಣಸಿನ ವ್ಯಾಪಾರಕ್ಕೆ ಹೆಸರಾಗಿದ್ದ ಚೆನ್ನಭೈರಾದೇವಿಯ ರಾಜಧಾನಿಯ ಅವಶೇಷಗಳು. ಶಿರಸಿಯಿಂದ ಕುಮಟೆಗೆ ಇಳಿಯುವ ದೇವಿಮನೆ ಘಟ್ಟವೂ ಚೆಲುವಾದದ್ದೇ, ಆದರೆ ಅಗಲೀಕರಣದ ಕೆಲಸಕ್ಕೆ ಆಗಾಗ ಸಂಚಾರ ನಿಲ್ಲಿಸಿದ್ದುಂಟು. ಹೊರಡುವ ಹಿಂದಿನ ದಿನ ಆಯಾ ಜಿಲ್ಲಾಧಿಕಾರಿಗಳ ಆದೇಶವೇನಾದರೂ ಇದೆಯೇ ಎಂದು ಪತ್ರಿಕೆಯಲ್ಲಿ ನೋಡಿಕೊಳ್ಳುವುದು ಹೋಟೆಲ್ ಕಾಯ್ದಿರಿಸುವಷ್ಟೇ ಮುಖ್ಯ. ಅಂಕೋಲೆಗೆ ಇಳಿಯುವ ಅರಬೈಲು ಹುಬ್ಬಳ್ಳಿ ಲಾರಿಗಳ ದಾರಿ.

ಕಾಲದ ಮಾತು ಬಂದಾಗ ನಾನು ರಾಜಿಯಾಗಲಾರೆ. ಮಳೆಗಾಲದ ಕರಾವಳಿ ಎಷ್ಟೇ ಹಸಿರಾಗಿರಲಿ, ಜೂನ್, ಜುಲೈ, ಆಗಸ್ಟಿನಲ್ಲಿ ಕುಟುಂಬ ಸಮೇತ ಈ ಹೆದ್ದಾರಿಗೆ ಹೋಗಬೇಡಿ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡವೊಂದು ಹೆದ್ದಾರಿಯ ಮೇಲೆ ಜಾರಿತು. ನಾಲ್ಕು ಪಥಕ್ಕಾಗಿ ಬುಡ ಕತ್ತರಿಸಿದ್ದ ಗುಡ್ಡ ಅದು. ರಸ್ತೆಬದಿಯ ಚಹಾದಂಗಡಿ ನಡೆಸುತ್ತಿದ್ದ ಕುಟುಂಬ, ಚಹಾಕ್ಕೆ ನಿಂತಿದ್ದ ಚಾಲಕರು ಮಣ್ಣಿನೊಂದಿಗೆ ಗಂಗಾವಳಿಯ ಪಾಲಾದರು. ಕೇರಳದ ಚಾಲಕನ ಲಾರಿ ಹೊಳೆಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಗುಡ್ಡ ಜಾರಿ ಮೂರು ವಾರ ಕಳೆಯುತ್ತಲೇ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ಕುಸಿಯಿತು. ಅದೃಷ್ಟವಶಾತ್ ಲಾರಿಯೊಂದಿಗೆ ಬಿದ್ದ ಚಾಲಕನನ್ನು ಜೀವಸಹಿತ ಎತ್ತಿದರು. ಇಂಥ ರಸ್ತೆಯಲ್ಲಿ ಹೋಗಿ ಬರುವುದು ಅಲ್ಲಿ ದುಡಿಯುವವರಿಗೆ ಅನಿವಾರ್ಯ, ರಜೆಗೆ ಹೋಗುವ ನಮಗೆ ಅನಿವಾರ್ಯವಲ್ಲ. ಮಲೆನಾಡ ಮಳೆ ನೋಡಲೇಬೇಕೆನ್ನುವವರಿಗೆ ಸಕಲೇಶಪುರ ಸುಬ್ರಹ್ಮಣ್ಯ ನಡುವಿನ ರೈಲುದಾರಿಯ ಸುರಂಗ, ಸೇತುವೆಗಳಿವೆ. ವಿಸ್ಟಾಡೋಮ್ ಬೋಗಿ 2021ರಿಂದ ಓಡುತ್ತಿದೆ. (ಗುಡ್ಡ ಜಾರಿದ ಶಿರೂರು ಬೇರೆ, ಇದೇ ಹೆದ್ದಾರಿಯ ಟೋಲ್ ಗೇಟಿನ ಶಿರೂರು ಬೇರೆ, ಅದು ಬೈಂದೂರು ತಾಲೂಕಿನದು. ನಕ್ಷೆಯಲ್ಲಿ ಹುಡುಕುವಾಗ ಎಚ್ಚರ.)

ಅಕ್ಟೋಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ಕಾಲ. ಅಕ್ಟೋಬರಿನಲ್ಲಿ ಹೊಳೆ ತುಂಬಿರುತ್ತದೆ, ಆಕಾಶ ತೊಳೆದಂತಿರುತ್ತದೆ. ಮಳೆಗಾಲದಲ್ಲಿ ನಿಂತ ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ದೋಣಿ ಮತ್ತೆ ಹೊರಟಿರುತ್ತದೆ. ಆ ದ್ವೀಪದ ಕಂಬದಂಥ ಬಂಡೆಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ ಲಾವಾ ತಣ್ಣಗಾಗಿ ಆದವು. ನವೆಂಬರಿನಿಂದ ಕಂಬಳ, ಯಕ್ಷಗಾನ ಮೇಳಗಳ ತಿರುಗಾಟ. ರಾತ್ರಿ ಉಡುಪಿ, ಕುಂದಾಪುರದ ನಡುವೆ ಗದ್ದೆಯಲ್ಲಿ ದೀಪ ಕಂಡು ಚೆಂಡೆ ಕೇಳಿಸಿದರೆ ಗಾಡಿ ನಿಲ್ಲಿಸಿ, ಬಯಲಾಟಕ್ಕೆ ಟಿಕೆಟಿಲ್ಲ. ಕ್ರಿಸ್‌ಮಸ್ಸಿನಿಂದ ಹೊಸವರ್ಷದವರೆಗಿನ ವಾರ ಮಾತ್ರ ಬೇಡ. ಉಡುಪಿಗೆ ಹೋಗುವವರು ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ನಡೆಯುವ ಪರ್ಯಾಯದ ದಿನವನ್ನು ನೋಡಿಕೊಂಡು ಹೋಗಬೇಕು. ಅದಕ್ಕೆಂದೇ ಹೋದರೆ ಸರಿ, ಗೊತ್ತಿಲ್ಲದೆ ಹೋದರೆ ಒಂದು ಕೋಣೆಯೂ ಸಿಗದು.

ಮಳೆ ನಿಂತಿತೆಂದು ಕಡಲು ಸಾಧುವಾಗುವುದಿಲ್ಲ. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲಿನಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಬಯಲುಸೀಮೆಯ ಮಕ್ಕಳಿಗೆ ಕಡಲಿನ ನಡತೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಅಲೆಗಳು ದಡಕ್ಕೆ ತಳ್ಳಿದ ನೀರು ವಾಪಸಾಗುವುದು ಕಿರಿದಾದ ಓಣಿಗಳಲ್ಲಿ. ಅಲೆ ಒಡೆಯದೆ ನೀರು ಶಾಂತವಾಗಿ ಕಾಣುವ ಜಾಗ ಹಲವು ಸಲ ಅದೇ ಓಣಿ. ಸಿಕ್ಕಿಬಿದ್ದವರು ದಡದ ಕಡೆಗೆ ನೇರ ಈಜಿದರೆ ಸೋಲುತ್ತಾರೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದರೆ ಬಿಡಿಸಿಕೊಳ್ಳಬಹುದು. ಅಳಿವೆಯ ಬಾಯಲ್ಲಿ ಕಾಲಿಡಲೇಬಾರದು. ಜೀವರಕ್ಷಕರಿರುವ ಕಡೆ, ಅವರು ಹೇಳಿದ ಗೆರೆಯೊಳಗೆ, ಹಗಲಲ್ಲಿ ಮಾತ್ರ ನೀರಿಗಿಳಿಯಿರಿ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತು. ಮಕ್ಕಳಿದ್ದವರಿಗೆ ಅವೇ ಮೇಲು, ಬಟ್ಟೆ ಬದಲಿಸಲು ಜಾಗವೂ ಇದೆ.

ಪಡುವಣದ ಸಣ್ಣ ರಸ್ತೆಗಳ ಬಗ್ಗೆ ಹೇಳಿದೆನಲ್ಲ, ಅವುಗಳಲ್ಲಿ ಕೆಲವು. ಮೂಲ್ಕಿಯ ಹತ್ತಿರ ಸಸಿಹಿತ್ಲು, ನಂದಿನಿ ಶಾಂಭವಿ ಎರಡೂ ಒಟ್ಟಿಗೆ ಕಡಲು ಸೇರುವಲ್ಲಿ. ಕಾಪುವಿನಲ್ಲಿ 1901ರ ದೀಪಸ್ತಂಭ, ಸಂಜೆ ಹತ್ತಲು ಬಿಡುತ್ತಾರೆ. ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಮಟ್ಟು, ಪಡುಕೆರೆಯ ಮೂಲಕ ಮಲ್ಪೆಗೆ ಹೋಗುವ ದಾರಿ ನಮ್ಮ ಕರಾವಳಿಯ ಅತ್ಯುತ್ತಮ ರಸ್ತೆ ಎಂದು ನಾನು ಅಂಜಿಕೆಯಿಲ್ಲದೆ ಹೇಳುತ್ತೇನೆ. ಎಡಕ್ಕೆ ಕಡಲು, ಬಲಕ್ಕೆ ಹೊಳೆ, ಮರವಂತೆಯದೇ ಚಿತ್ರ, ಆದರೆ ಲಾರಿಗಳಿಲ್ಲ. ಮನೆಗಳ ಅಂಗಳದಲ್ಲಿ ಬಲೆ, ಒಣಮೀನು. ಬೆಂಗಳೂರಿನ ಗುಂಡು ಬದನೆಗಿಂತ ಬೇರೆ ರುಚಿಯ, ಭೌಗೋಳಿಕ ಗುರುತು ಪಡೆದ ಮಟ್ಟುಗುಳ್ಳ ಬೆಳೆಯುವುದು ಈ ಊರಿನಲ್ಲೇ. ಮಲ್ಪೆಯಿಂದ ಹೂಡೆಯ ಮೇಲೆ ಉತ್ತರಕ್ಕೆ ಹೋದರೆ ಕೋಡಿಬೆಂಗ್ರೆ, ಸ್ವರ್ಣಾ ಸೀತಾ ಕೂಡುವ ಅಳಿವೆ. ಎದುರಿನ ದಡದಲ್ಲಿ ಹಂಗಾರಕಟ್ಟೆ. ಕಾರು ಬಿಟ್ಟು ದೋಣಿಯಲ್ಲಿ ಆಚೆ ಹೋಗಿ ಬನ್ನಿ, ಸೇತುವೆ ಬರುವ ಮುನ್ನ ಇಡೀ ಕರಾವಳಿ ಹೇಗಿತ್ತೆಂದು ಗೊತ್ತಾಗುತ್ತದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಸಾಲಿಗ್ರಾಮ, ಕೋಟ. ಶಿವರಾಮ ಕಾರಂತರು 1902ರಲ್ಲಿ ಹುಟ್ಟಿದ ಊರು, ಅವರ ‘ಮರಳಿ ಮಣ್ಣಿಗೆ’ಯ ನೆಲ. ಪ್ರವಾಸಕ್ಕೆ ಮುಂಚೆ ಮನೆಯಲ್ಲಿ ಒಬ್ಬರಾದರೂ ಆ ಕಾದಂಬರಿ ಓದಿರಲಿ.

ಉತ್ತರ ಕನ್ನಡದ ಅರ್ಧ ಇದಕ್ಕಿಂತ ಕಾಡು, ಇದಕ್ಕಿಂತ ಖಾಲಿ. ಮುರುಡೇಶ್ವರದ 123 ಅಡಿಯ ಶಿವನ ಬಗ್ಗೆ ಹೇಳಬೇಕಾದ್ದಿಲ್ಲ, ಎಲ್ಲರೂ ನೋಡಿದ್ದಾರೆ. ಹೆಚ್ಚು ಸಮಯ ಕೊಡಬೇಕಾದದ್ದು ಅಘನಾಶಿನಿಗೆ. ಅದರ ಅಳಿವೆ 2024ರಲ್ಲಿ ರಾಮ್ಸಾರ್ ತಾಣವೆಂದು ಗುರುತಾಯಿತು. ಉಬ್ಬರದ ಉಪ್ಪುನೀರಲ್ಲೂ ಬೆಳೆಯುವ ಕಗ್ಗ ಭತ್ತ, ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಜೀವಿ ಆರಿಸುವ ಹೆಂಗಸರು, ಸಾಣಿಕಟ್ಟೆಯ ಉಪ್ಪಿನ ಗದ್ದೆಗಳು ಎಲ್ಲ ಒಂದೇ ಅಳಿವೆಯ ಸುತ್ತ. ಉಪ್ಪು ಎಂದಾಗ ಅಂಕೋಲೆಯ ನೆನಪು ಸಹಜ, 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಕರ್ನಾಟಕದ ಮುಂಚೂಣಿಯಲ್ಲಿದ್ದ ಊರದು. ಕಾರವಾರದಲ್ಲಿ ನೌಕಾನೆಲೆಗಾಗಿ ಹಲವು ಊರು, ಕಡಲತೀರ ಬಿಟ್ಟುಕೊಟ್ಟ ಜನರಿದ್ದಾರೆ. ಉಳಿದ ತೀರಗಳಲ್ಲಿ ನಡೆಯುವಾಗ ಅದೂ ಮನಸ್ಸಿನಲ್ಲಿರಬೇಕು.

ಊಟದ ಬಗ್ಗೆ ಚಿಂತೆ ಬೇಡ. ಮೀನು ತಿನ್ನುವವರಿಗೆ ಪ್ರತಿ ಪೇಟೆಯಲ್ಲೂ ಊಟದ ಮನೆಯಿದೆ, ತಿನ್ನದವರಿಗೆ ಗೋಳಿಬಜೆ, ಬನ್ಸ್, ಕೊಟ್ಟೆ ಕಡುಬು, ಹೊನ್ನಾವರದಾಚೆ ಅಪ್ಪೆಹುಳಿ, ತೊಡೆದೇವು.

ಇನ್ನು ದಿನಗಳ ಲೆಕ್ಕ. ಮೂರು ರಾತ್ರಿಯಷ್ಟೇ ಇದ್ದರೆ ಉತ್ತರ ಕನ್ನಡವನ್ನು ಪೂರ್ತಿ ಬಿಡಿ. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಇಳಿದು, ಮೂಲ್ಕಿಯಿಂದ ಮಲ್ಪೆವರೆಗೆ ಸಣ್ಣ ರಸ್ತೆಗಳಲ್ಲಿ ಸಾಗಿ, ಉಡುಪಿಯಲ್ಲಿ ಎರಡು ರಾತ್ರಿ ಒಂದೇ ಕೋಣೆಯಲ್ಲಿ ಉಳಿದು, ಹೆಬ್ರಿಯ ಮೂಲಕ ಆಗುಂಬೆ ಹತ್ತಿ ಬನ್ನಿ. ಐದು ರಾತ್ರಿಯಿದ್ದರೆ ಕುಂದಾಪುರ, ಬೈಂದೂರು ಸೇರಿಸಿ ಹೊನ್ನಾವರದವರೆಗೆ ಹೋಗಿ, ಗೇರುಸೊಪ್ಪೆ ಹತ್ತಿ, ಸಾಗರದಲ್ಲಿ ಕೊನೆಯ ರಾತ್ರಿ ತಂಗಿ ಮರಳಿ. ಒಟ್ಟು ಸುಮಾರು ಸಾವಿರ ಕಿ.ಮೀ. ಆಗುತ್ತದೆ. ಉತ್ತರದ ಅರ್ಧ ಬೇರೊಂದು ವರ್ಷಕ್ಕಿರಲಿ. ಗೇರುಸೊಪ್ಪೆಯಲ್ಲಿ ಇಳಿದು, ಕುಮಟಾ, ಗೋಕರ್ಣ, ಅಂಕೋಲಾ, ಕಾರವಾರ ನೋಡಿ, ಅಂಕೋಲೆಗೆ ಹಿಂದಿರುಗಿ ಅರಬೈಲು ಹತ್ತಿ ಹುಬ್ಬಳ್ಳಿಯ ಮೇಲೆ ವಾಪಸು. ಈ ಮೂರು ಯೋಜನೆಗಳಲ್ಲೂ ನಿಂತು ನೋಡುವ ಹೊತ್ತಿನಲ್ಲಿ ಕಡಲು ಎಡಕ್ಕೇ ಇರುತ್ತದೆ. ದಿನಕ್ಕೆ ಮೂರು ಹೊಳೆಗಿಂತ ಹೆಚ್ಚು ದಾಟದಿದ್ದರೆ ಸಂಜೆ ಮರಳಿನ ಮೇಲೆ ಕೂರಲು ಹೊತ್ತು ಉಳಿಯುತ್ತದೆ.

ಘಟ್ಟದಲ್ಲಿ ಕಾರು ಓಡಿಸುವ ಧೈರ್ಯವಿಲ್ಲದವರು, ವಯಸ್ಸಾದವರನ್ನು ಹತ್ತು ಗಂಟೆ ಕೂರಿಸಲಾಗದವರು ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿಯಿಡೀ ಸಾಗುವ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹತ್ತಲಿ. ಉಡುಪಿಯಲ್ಲೋ ಕುಂದಾಪುರದಲ್ಲೋ ನಸುಕಿನಲ್ಲಿ ಇಳಿದು, ಅಲ್ಲಿನವರದೇ ಟ್ಯಾಕ್ಸಿ ಗೊತ್ತುಮಾಡಿಕೊಂಡರೆ ದಾರಿ ಬಲ್ಲ ಚಾಲಕರು ಸಿಗುತ್ತಾರೆ, ಹಣ ಆ ಊರಿನಲ್ಲೇ ಉಳಿಯುತ್ತದೆ. ಉಡುಪಿ ಹೋಟೆಲಿನ ತಿಂಡಿ ತಿಂದು ಬೆಳೆದ ನಮ್ಮ ಬಡಾವಣೆಗಳ ಜನ ಈ ಸಲ ಅಕ್ಟೋಬರಿನಲ್ಲಿ ಹೊರಡಲಿ. ಪಟ್ಟಿಯಲ್ಲಿ ಅರ್ಧದಷ್ಟು ಹೆಸರು ಹೊಡೆದುಹಾಕಿ, ಕೋಟದಲ್ಲೋ ಮಟ್ಟುವಿನಲ್ಲೋ ಅರ್ಧ ದಿನ ಸುಮ್ಮನೆ ಇಳಿದು ನಿಲ್ಲಿ.